‘ಮೀನು ಒಂದು ಜಲಚರ ಪ್ರಾಣಿ’ ಎಂಬ ವಾಕ್ಯದಿಂದ ಮಕ್ಕಳನ್ನು ಬಿಡಿಸುವ ಬಗೆ

ಐದನೆಯ ತರಗತಿಯ ಹುಡುಗನೊಬ್ಬ ಬಿಡುವಿನ ವೇಳೆಯಲ್ಲಿ ಶಾಲೆಯ ಜಗುಲಿಯ ಮೇಲೆ ನಿಂತು ಗೆಳೆಯರಿಗೆ ಕಥೆ ಹೇಳುತ್ತಿದ್ದ. ಹಿಂದಿನ ಸಂಜೆ ಅವನ ಅಪ್ಪ ಬಿಟ್ಟ ಬಲೆಗೆ ಡಾಲ್ಫಿನ್ ನುಗ್ಗಿತ್ತಂತೆ. ಅದು ಎಳೆದ ರಭಸಕ್ಕೆ ದೋಣಿಯ ಮೂತಿಯೇ ತಿರುಗಿತಂತೆ. ಚಿಕ್ಕಪ್ಪ ಬಾಯಲ್ಲಿದ್ದ ಬೀಡಿಯನ್ನೂ ಉಗುಳದೆ ಹಗ್ಗಕ್ಕೆ ಜೋತುಬಿದ್ದನಂತೆ. ಕೊನೆಗೆ ಬಲೆ ಹರಿದು ಡಾಲ್ಫಿನ್ ಹೋಯಿತಂತೆ. ಅಪ್ಪ ದಡ ಮುಟ್ಟುವವರೆಗೂ ತುಟಿ ಬಿಚ್ಚಲಿಲ್ಲವಂತೆ. ಹುಡುಗರು ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಗಂಟೆ ಹೊಡೆಯಿತು. ಒಳಗೆ ಬಂದ ಮೇಲೆ ನಾನು ‘ಮೀನು’ ಎಂಬ ವಿಷಯ ಕೊಟ್ಟು ಬರೆಯಲು ಹೇಳಿದೆ. ಅದೇ ಹುಡುಗ ಬರೆದದ್ದು ಇಷ್ಟು: ‘ಮೀನು ಒಂದು ಜಲಚರ ಪ್ರಾಣಿ. ಅದು ನೀರಿನಲ್ಲಿ ವಾಸಿಸುತ್ತದೆ. ಮೀನು ನಮಗೆ ಬಹಳ ಉಪಯುಕ್ತವಾಗಿದೆ.’

ಈ ಮೂರು ವಾಕ್ಯಗಳಲ್ಲಿ ಒಂದು ತಪ್ಪೂ ಇಲ್ಲ. ಕಾಗುಣಿತ ಸರಿ, ವ್ಯಾಕರಣ ಸರಿ. ಆದರೆ ಆ ಹುಡುಗ ಅವುಗಳಲ್ಲಿ ಎಲ್ಲೂ ಇಲ್ಲ. ಜಗುಲಿಯಿಂದ ಬೆಂಚಿಗೆ ಬರುವ ಹತ್ತು ಹೆಜ್ಜೆಗಳಲ್ಲಿ ಅವನ ಕಥೆ ಎಲ್ಲಿ ಕಳೆದುಹೋಯಿತು ಎಂಬ ಪ್ರಶ್ನೆ ಅಂದು ನನ್ನನ್ನು ಹಿಡಿದುಕೊಂಡಿತು. ಇಪ್ಪತ್ತೆರಡು ವರ್ಷಗಳಿಂದ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೇನೆ. ಮೊದಲ ಒಂಬತ್ತು ವರ್ಷ ಘಟ್ಟದ ಮೇಲೆ ಶಿರಸಿಯ ಕಡೆ, ಆಮೇಲೆ ಕಾರವಾರದಲ್ಲಿ, ಕಾಳಿ ನದಿ ಕಡಲು ಸೇರುವ ಕಡೆ. ಮೂರರಿಂದ ಐದನೆಯ ತರಗತಿಯ ಮಕ್ಕಳೊಂದಿಗೆ ನಾನು ಮಾಡಿ ನೋಡಿ ಉಳಿಸಿಕೊಂಡ ಕೆಲವು ಕ್ರಮಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಮಕ್ಕಳಿಗೆ ಬರೆಸುವ ತಾಯಿ ತಂದೆಯರೂ ಇವುಗಳನ್ನು ಮಾಡಬಹುದು. ದುಡ್ಡು ಖರ್ಚಾಗುವ ಸಾಮಗ್ರಿ ಯಾವುದಕ್ಕೂ ಬೇಡ.

ಬರೆಯುವ ಮುನ್ನ ಹೇಳಲಿ

ನಲವತ್ತು ನಿಮಿಷದ ಅವಧಿಯಲ್ಲಿ ಮೊದಲ ಹತ್ತು ನಿಮಿಷ ಪೆನ್ಸಿಲ್ ಮುಟ್ಟಲು ಬಿಡಬೇಡಿ. ಇಬ್ಬಿಬ್ಬರನ್ನು ಜೊತೆ ಮಾಡಿ ಕೂರಿಸಿ. ಒಬ್ಬರು ಹೇಳಲಿ, ಇನ್ನೊಬ್ಬರು ಕೇಳಲಿ. ಕೇಳುವವರಿಗೆ ಒಂದೇ ಕೆಲಸ: ಮುಗಿದ ಮೇಲೆ ಎರಡು ಪ್ರಶ್ನೆ ಹಾಕುವುದು. ಮೊದಮೊದಲು ಮಕ್ಕಳಿಗೆ ಪ್ರಶ್ನೆ ಹೊಳೆಯುವುದಿಲ್ಲ. ‘ಆಗ ನೀನು ಎಲ್ಲಿ ನಿಂತಿದ್ದೆ?’, ‘ಅವರು ಏನೆಂದರು?’ ಎಂಬ ಎರಡನ್ನು ಹಲಗೆಯ ಮೇಲೆ ಬರೆದಿಟ್ಟರೆ ಸಾಕು. ಎರಡು ವಾರ ಕಳೆಯುವಷ್ಟರಲ್ಲಿ ಅವರದೇ ಪ್ರಶ್ನೆಗಳು ಹುಟ್ಟುತ್ತವೆ.

ಹೇಳುವಾಗ ಮಾತನ್ನು ತಿದ್ದಬೇಡಿ. ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಮಾತು ಕೊಂಕಣಿ. ಹಾಲಕ್ಕಿ ಒಕ್ಕಲಿಗರ ಕನ್ನಡ ಆಡುವವರಿದ್ದಾರೆ, ಶಿರಸಿಯ ಕಡೆಯಾದರೆ ಹವ್ಯಕ ಕನ್ನಡ. ಪುಸ್ತಕದ ಕನ್ನಡ ಇವರೆಲ್ಲರಿಗೂ ಮನೆಯಿಂದ ಸ್ವಲ್ಪ ದೂರದ್ದು. ಮಗು ಬಾಯಿ ತೆರೆದೊಡನೆ ‘ಹಾಗಲ್ಲ, ಹೀಗೆ ಹೇಳು’ ಎಂದರೆ ಅದು ಸುರಕ್ಷಿತವಾದ ವಾಕ್ಯವನ್ನು ಹುಡುಕಲು ತೊಡಗುತ್ತದೆ, ಮತ್ತು ‘ಜಲಚರ ಪ್ರಾಣಿ’ಗಿಂತ ಸುರಕ್ಷಿತವಾದದ್ದು ಇನ್ನೊಂದಿಲ್ಲ. ಮಗು ಹೇಳಿದ್ದನ್ನು ನಾನೇ ಹಲಗೆಯ ಮೇಲೆ ಬರೆಯುತ್ತೇನೆ. ಆಮೇಲೆ ಎಲ್ಲರೂ ಸೇರಿ ಅದನ್ನು ಬರವಣಿಗೆಯ ರೂಪಕ್ಕೆ ತರುತ್ತೇವೆ. ಯಾವ ಪದ ಬದಲಾಗಬೇಕು, ಯಾವುದು ಹಾಗೆಯೇ ಇರಲಿ ಎಂದು ಮಕ್ಕಳೇ ವಾದಿಸುತ್ತಾರೆ. ಮೀನಿನ ಹೆಸರು, ಅಡುಗೆಯ ಹೆಸರು, ಬಲೆಯ ಹೆಸರು ಮನೆಯ ಮಾತಿನಲ್ಲೇ ಉಳಿಯುತ್ತವೆ. ‘ಮೀನು’ ಎಂದು ಬರೆದವರಿಗೆ ‘ಯಾವ ಮೀನು?’ ಎಂದು ಕೇಳುವುದು ನಮ್ಮಲ್ಲಿ ಈಗ ರೂಢಿಯೇ ಆಗಿದೆ. ಬಂಗಡೆಯೋ ತಾರ್ಲೆಯೋ ಇಸವಾಣವೋ ಎಂದು ಬರೆದ ಕೂಡಲೇ ವಾಕ್ಯಕ್ಕೆ ವಾಸನೆ ಬರುತ್ತದೆ, ಬೆಲೆ ಬರುತ್ತದೆ, ಮನೆಯ ಸ್ಥಿತಿಯೂ ಅದರೊಳಗೆ ಬಂದುಬಿಡುತ್ತದೆ.

ಕೊಂಕಣಿ ಮನೆಯ ಮಗು ‘ತಂಗಿ ಬಂತು’ ಎಂದು ಬರೆದರೆ ಅದನ್ನು ಅಜಾಗರೂಕತೆ ಎಂದು ಗದರಬೇಡಿ. ಕೊಂಕಣಿಯಲ್ಲಿ ಎಳೆಯ ಹುಡುಗಿಯನ್ನು ನಪುಂಸಕಲಿಂಗದಲ್ಲೇ ಹೇಳುವುದುಂಟು. ಮಗು ತನ್ನ ಭಾಷೆಯ ನಿಯಮವನ್ನು ಸರಿಯಾಗಿಯೇ ಪಾಲಿಸಿದೆ. ‘ನಿಮ್ಮ ಭಾಷೆಯಲ್ಲಿ ಹಾಗೆ, ಕನ್ನಡದಲ್ಲಿ ಹೀಗೆ’ ಎಂದು ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿದರೆ ಅದು ಮರೆಯುವುದಿಲ್ಲ. ತನ್ನ ಭಾಷೆಗೂ ಒಂದು ವ್ಯಾಕರಣವಿದೆ ಎಂದು ತಿಳಿದಾಗ ಆ ಮುಖದಲ್ಲಿ ಮೂಡುವ ಹಿಗ್ಗನ್ನು ನಾನು ಬಹಳ ಸಲ ಕಂಡಿದ್ದೇನೆ.

ಒಂದು ಬಳಚಿನ ಚಿಪ್ಪು

‘ಕಡಲು’, ‘ಮಳೆಗಾಲ’, ‘ನನ್ನ ಊರು’ ಇವೆಲ್ಲ ಮಕ್ಕಳಿಗೆ ತೀರ ದೊಡ್ಡ ವಿಷಯಗಳು. ‘ನನ್ನ ಊರು’ ಎಂದು ಕೊಟ್ಟರೆ ನಲವತ್ತು ಪುಸ್ತಕಗಳಲ್ಲೂ ಒಂದೇ ಪ್ರಬಂಧ: ಕಾರವಾರವನ್ನು ಕರ್ನಾಟಕದ ಕಾಶ್ಮೀರ ಎನ್ನುತ್ತಾರೆ, ಇಲ್ಲಿಗೆ ರವೀಂದ್ರನಾಥ ಟಾಗೋರರು ಬಂದಿದ್ದರು, ಇಲ್ಲಿ ಸುಂದರವಾದ ಕಡಲತೀರವಿದೆ. ಎಲ್ಲವೂ ನಿಜ, ಯಾವುದೂ ಆ ಮಗು ಕಂಡದ್ದಲ್ಲ.

ವಿಷಯವನ್ನು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು ಮಾಡಿ. ನನ್ನ ಚೀಲದಲ್ಲಿ ಸದಾ ಒಂದಿಷ್ಟು ಬಳಚಿನ ಚಿಪ್ಪುಗಳಿರುತ್ತವೆ. ಬಳಚು ಎಂದರೆ ಕೆಸರಿನಲ್ಲಿ ಸಿಗುವ ಜೋಡಿಚಿಪ್ಪಿನ ಜೀವಿ. ಒಬ್ಬೊಬ್ಬರಿಗೆ ಒಂದು ಚಿಪ್ಪು, ಒಂದು ನಿಮಿಷ ಮೌನ. ಆಮೇಲೆ ಒಬ್ಬೊಬ್ಬರು ಒಂದು ವಾಕ್ಯ. ನಿಯಮ ಎರಡು: ಮುಂಚೆ ಯಾರೋ ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ, ‘ಸುಂದರವಾಗಿದೆ’, ‘ಚೆನ್ನಾಗಿದೆ’, ‘ಉಪಯುಕ್ತವಾಗಿದೆ’ ಎಂಬ ಮೂರು ಪದಗಳಿಗೆ ಅಂದು ರಜೆ. ಮೊದಲ ಐದಾರು ಮಕ್ಕಳು ಬೇಗ ಪಾರಾಗುತ್ತಾರೆ: ಬಿಳಿ, ಗಟ್ಟಿ, ದುಂಡಗೆ. ಅವು ಮುಗಿದ ಮೇಲೆ ನಿಜವಾದ ನೋಟ ಶುರುವಾಗುತ್ತದೆ. ಒಬ್ಬಳು ಉಗುರಿನಿಂದ ಕೆರೆದು, ‘ಗೆರೆಗಳ ಮೇಲೆ ಉಗುರು ಎಳೆದರೆ ಕರ್ ಕರ್ ಎನ್ನುತ್ತದೆ’ ಎಂದಳು. ಇನ್ನೊಬ್ಬ ಮೂಸಿ, ‘ಒಣಗಿದರೂ ಇದರಲ್ಲಿ ಇನ್ನೂ ಕೆಸರಿದೆ’ ಎಂದ. ಕೊನೆಯ ಬೆಂಚಿನ ಹುಡುಗಿಯ ಸರದಿ ಬರುವಷ್ಟರಲ್ಲಿ ಹೇಳಲು ಏನೂ ಉಳಿದಿಲ್ಲವೆಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಚಿಪ್ಪನ್ನು ತಿರುಗಿಸಿ ತಿರುಗಿಸಿ ನೋಡಿ ಮೆಲ್ಲಗೆ ಹೇಳಿದಳು: ‘ಇದಕ್ಕೆ ಇನ್ನೊಂದು ಅರ್ಧ ಇತ್ತು.’

ಆ ನಾಲ್ಕು ಪದಗಳನ್ನು ನಾನು ಹಲಗೆಯಿಂದ ಒಂದು ವಾರ ಅಳಿಸಲಿಲ್ಲ. ಅದರಲ್ಲಿ ಬಣ್ಣಿಸುವ ವಿಶೇಷಣ ಒಂದೂ ಇಲ್ಲ. ಆದರೂ ಅದನ್ನು ಕೇಳಿದವರೆಲ್ಲ ಇನ್ನೊಂದು ಅರ್ಧವನ್ನು ಮನಸ್ಸಿನಲ್ಲೇ ಹುಡುಕುತ್ತಾರೆ.

ಚಿಪ್ಪೇ ಆಗಬೇಕೆಂದಿಲ್ಲ. ಸಾರಿನ ಹುಳಿಗೆ ಹಾಕುವ ಒಣಗಿದ ಮುರುಗಲು ಸಿಪ್ಪೆ, ಅಡಿಕೆ ಹಾಳೆ, ಹರಿದ ಬಲೆಯ ತುಂಡು, ಯಾವುದಾದರೂ ಆದೀತು. ಬಲೆಗಾದರೆ ಜೂನ್ ಮತ್ತು ಜುಲೈ ಒಳ್ಳೆಯ ಕಾಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಶಾಲೆ ಶುರುವಾಗುವ ಹೊತ್ತಿಗೇ ಎಷ್ಟೋ ಮನೆಗಳ ಅಪ್ಪಂದಿರು ಮನೆಯಲ್ಲಿ ಕೂತು ಬಲೆ ಸರಿಮಾಡುತ್ತಿರುತ್ತಾರೆ. ‘ಬಲೆ ಹೆಣೆಯುವಾಗ ಅಪ್ಪನ ಎಡಗೈ ಏನು ಮಾಡುತ್ತದೆ? ಬರೀ ಎಡಗೈಯನ್ನು ನೋಡಿ ಬನ್ನಿ’ ಎಂಬುದು ಆ ದಿನಗಳ ಮನೆಗೆಲಸ. ಅಪ್ಪನ ಬಗ್ಗೆ ಬರೆಯಿರಿ ಎಂದಾಗ ಸಿಗದ ಅಪ್ಪ ಎಡಗೈಯ ಬಗ್ಗೆ ಬರೆಯಿರಿ ಎಂದಾಗ ಪೂರ್ತಿಯಾಗಿ ಸಿಗುತ್ತಾನೆ.

ವಾಕ್ಯದ ಕೊನೆಯಲ್ಲಿ ಕೂತಿರುವ ಪದ

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ. ಓದುವವರ ಕಿವಿಯಲ್ಲಿ ಉಳಿಯುವ ಸದ್ದು ಅದೇ. ಅಲ್ಲಿ ‘ಇದೆ’, ‘ಆಗಿದೆ’, ‘ಮಾಡಿದನು’, ‘ಹೋದನು’ ಎಂಬ ನಾಲ್ಕೇ ಪದಗಳು ಸರದಿಯಲ್ಲಿ ಬಂದು ಕೂತರೆ ಬರಹ ಮಲಗುತ್ತದೆ. ವಾಕ್ಯಕ್ಕೆ ಬಲ ಬರಲಿ ಎಂದು ವಿಶೇಷಣಗಳನ್ನು ಹೇರಿಸುವ ಅಭ್ಯಾಸ ನಮ್ಮಲ್ಲಿದೆ: ‘ಭಾರಿ ಮಳೆ ಬಂತು’, ‘ತುಂಬ ಭಾರಿ ಮಳೆ ಬಂತು’. ನನ್ನ ಅನುಭವದಲ್ಲಿ ಮಕ್ಕಳು ಕ್ರಿಯಾಪದವನ್ನು ಒಂದನ್ನು ಬದಲಿಸಿಕೊಂಡರೆ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿ ‘ಮಳೆ’ ಎಂದು ಬರೆದು ಮುಂದೆ ಜಾಗ ಬಿಡಿ. ಹೊಸ ಕ್ರಿಯಾಪದ ಕೇಳಿದವರು ಬರೆಯಲಿ. ನಮ್ಮ ಹಾಳೆಯಲ್ಲಿ ಒಂದು ಮಳೆಗಾಲಕ್ಕೆ ಸೇರಿದ್ದು: ಹನಿಯಿತು, ಜಿನುಗಿತು, ತೂರಿತು, ಸುರಿಯಿತು, ಹೊಯ್ಯಿತು, ರಾಚಿತು, ಜಡಿಯಿತು, ಕವಿಯಿತು, ಹಿಡಿಯಿತು, ಹೊಳವಾಯಿತು. ‘ಮಳೆ ಹಿಡಿಯಿತು’ ಎಂಬುದನ್ನು ಒಬ್ಬ ಹುಡುಗಿ ಅಜ್ಜಿಯಿಂದ ತಂದಳು. ‘ಬಂತು’ ಎಂದರೆ ಹೋಗಬಹುದು, ‘ಹಿಡಿಯಿತು’ ಎಂದರೆ ಸದ್ಯಕ್ಕೆ ಬಿಡುವುದಿಲ್ಲ ಎಂದು ಅವಳೇ ವಿವರಿಸಿದಳು. ಇದಕ್ಕಿಂತ ಒಳ್ಳೆಯ ವ್ಯಾಕರಣ ಪಾಠವನ್ನು ನಾನು ಮಾಡಿಲ್ಲ.

ಶಿರಸಿಯ ಕಡೆ ಇದ್ದಾಗಿನ ಒಂದು ಉದಾಹರಣೆ ಹೇಳುತ್ತೇನೆ. ಅಡಿಕೆ ಮರ ಹತ್ತಿ ಗೊನೆ ಇಳಿಸುವವನನ್ನು ಅಲ್ಲಿ ಕೊನೆಗೌಡ ಎನ್ನುತ್ತಾರೆ. ಅಡಿಕೆ ಕೊಯ್ಲಿನ ದಿನ ತೋಟಕ್ಕೆ ಹೋಗಿ ಬಂದ ಹುಡುಗ ಬರೆದಿದ್ದ: ‘ಕೊನೆಗೌಡನು ಒಂದು ಮರದಿಂದ ಇನ್ನೊಂದು ಮರಕ್ಕೆ ಹೋದನು.’ ನಾನು ಕೇಳಿದೆ: ‘ನಡೆದುಕೊಂಡು ಹೋದನೇ?’ ‘ಇಲ್ಲ.’ ‘ಹಾಗಾದರೆ ಹೇಗೆ? ಎದ್ದು ನಿಂತು ಮಾಡಿ ತೋರಿಸು.’ ಅವನು ಬೆಂಚಿನ ಮೇಲೆ ಹತ್ತಿ ಕಿಟಕಿಯ ಸರಳು ಹಿಡಿದು ಮೈಯನ್ನು ಹಿಂದಕ್ಕೂ ಮುಂದಕ್ಕೂ ತೂಗಿದ. ನಾವೆಲ್ಲ ನೋಡಿ ಪದ ಹುಡುಕಿದೆವು. ಕೊನೆಗೆ ಆದದ್ದು: ‘ಕೊನೆಗೌಡ ಮರದ ತುದಿಯಲ್ಲಿ ಜೀಕಿದ. ಮರ ಬಾಗಿತು. ಕೈ ಚಾಚಿ ಪಕ್ಕದ ಮರವನ್ನು ಹಿಡಿದ. ಹಿಂದಿನ ಮರ ಸುಯ್ ಎಂದು ನೆಟ್ಟಗಾಯಿತು.’ ಮಗುವಿಗೆ ಪದ ಸಿಗದಿದ್ದಾಗ ನಿಘಂಟಿಗಿಂತ ಮೊದಲು ಮೈಯನ್ನು ಕೇಳಬೇಕು. ಮಾಡಿ ತೋರಿಸಿದ ಮೇಲೆ ಪದ ಬಂದೇ ಬರುತ್ತದೆ. ‘ಸುಯ್’, ‘ದಬದಬ’, ‘ಚಟಚಟ’, ‘ಗಿರ್ರನೆ’ ಮುಂತಾದ ಸದ್ದಿನ ಪದಗಳನ್ನು ಬಾಲಿಶವೆಂದು ಹೊಡೆದುಹಾಕಬೇಡಿ. ಕನ್ನಡಕ್ಕೆ ಅವು ಹುಟ್ಟಿನಿಂದ ಬಂದ ಸಂಪತ್ತು. ಒಂದು ಪುಟಕ್ಕೆ ಒಂದೆರಡು ಎಂದು ಮಿತಿ ಹಾಕಿದರೆ ಸಾಕು.

ಇನ್ನೊಂದು ಆಟ ಒಂದಕ್ಷರದ್ದು. ಹಲಗೆಯ ಮೇಲೆ ‘ಅಜ್ಜ ಬಂಗಡೆ ತಂದ’ ಎಂದು ಬರೆಯಿರಿ. ಮಕ್ಕಳು ಒಂದೇ ಒಂದು ಸ್ವರವನ್ನು ಸೇರಿಸಬೇಕು, ಅದನ್ನು ಜೋಡಿಸಲು ನಡುವೆ ಬರುವ ‘ನ’, ‘ಅನ್ನು’ ಲೆಕ್ಕಕ್ಕಿಲ್ಲ. ‘ಅಜ್ಜನೇ ಬಂಗಡೆ ತಂದ’ ಎಂದರೆ ಬೇರೆ ಯಾರೂ ಹೋಗಲಿಲ್ಲ. ‘ಅಜ್ಜನೂ ಬಂಗಡೆ ತಂದ’ ಎಂದರೆ ಮನೆಯಲ್ಲಿ ಆಗಲೇ ಬಂಗಡೆ ಇದೆ, ಅಮ್ಮನಿಗೆ ಕೆಲಸ ಹೆಚ್ಚಾಯಿತು. ‘ಅಜ್ಜ ಬಂಗಡೆಯನ್ನೂ ತಂದ’ ಎಂದರೆ ಚೀಲದಲ್ಲಿ ಇನ್ನೇನೋ ಇದೆ. ‘ಅಜ್ಜನೋ ಬಂಗಡೆ ತಂದ’ ಎಂದರೆ ಮುಂದೆ ಏನೋ ಬರಲಿದೆ, ಅಜ್ಜಿ ಬೇರೆ ಏನನ್ನೋ ಹೇಳಿದ್ದಳು! ಒಂದೊಂದು ವಾಕ್ಯಕ್ಕೂ ‘ಹಾಗಾದರೆ ಮನೆಯಲ್ಲಿ ಆಮೇಲೆ ಏನಾಯಿತು?’ ಎಂದು ಕೇಳಿದರೆ ನಾಲ್ಕು ಕಥೆಗಳ ಬೀಜ ಸಿಗುತ್ತದೆ.

ಮಕ್ಕಳ ಉದ್ದ ವಾಕ್ಯಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ‘ಬೆಳಿಗ್ಗೆ ಎದ್ದು ಮುಖ ತೊಳೆದು ತಿಂಡಿ ತಿಂದು ಚೀಲ ತೆಗೆದುಕೊಂಡು ಶಾಲೆಗೆ ಬಂದು ಆಟವಾಡಿ ಮನೆಗೆ ಹೋಗಿ ಮಲಗಿದೆನು’ ಎಂಬ ಸರಪಳಿ ಎಲ್ಲ ಶಾಲೆಗಳಲ್ಲೂ ಇದೆ. ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಓದಿಸಿ. ಉಸಿರು ಕಟ್ಟಿದಲ್ಲಿ ಪೂರ್ಣವಿರಾಮ. ಆಮೇಲೆ, ಆ ಸರಪಳಿಯಲ್ಲಿ ನಿನ್ನೆ ಇಲ್ಲದೆ ಇಂದು ಮಾತ್ರ ಆದದ್ದು ಯಾವುದು ಎಂದು ಕೇಳಿ. ಅದೊಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಿಸಿ.

ಕಥೆಗೆ ಬಂದಾಗ

ಕಥೆ ಬರೆಯಿರಿ ಎಂದರೆ ಮಕ್ಕಳು ‘ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದನು’ ಎಂದು ತೊಡಗಿ ‘ನೀತಿ’ಯಲ್ಲಿ ನಿಲ್ಲುತ್ತಾರೆ. ರಾಜನ ಬಗ್ಗೆ ನನಗೆ ತಕರಾರಿಲ್ಲ. ಕೊನೆಯ ‘ನೀತಿ’ಯನ್ನು ಮಾತ್ರ ಬಿಡಿಸುತ್ತೇನೆ. ನೀತಿ ಬರೆಯಬೇಕೆಂದು ಗೊತ್ತಿದ್ದರೆ ಮಗು ಮೊದಲ ಸಾಲಿನಿಂದಲೇ ಅದಕ್ಕೆ ತಕ್ಕ ಒಳ್ಳೆಯವನನ್ನೂ ಕೆಟ್ಟವನನ್ನೂ ಜೋಡಿಸಲು ತೊಡಗುತ್ತದೆ. ಅದರ ಬದಲು ಮೂರು ಪ್ರಶ್ನೆ ಕೊಡುತ್ತೇನೆ: ಯಾರಿಗೆ ಏನು ಬೇಕಾಗಿತ್ತು? ಅದಕ್ಕೆ ಯಾವುದು ಅಡ್ಡ ಬಂತು? ಕೊನೆಯಲ್ಲಿ ಏನು ಮೊದಲಿನಂತೆ ಉಳಿಯಲಿಲ್ಲ? ಬೇಕಾದ ವಸ್ತು ಚಿಕ್ಕದಾಗಿರಲಿ: ಒಂದು ಕೊಡೆ, ಬಸ್ಸಿನ ಕಿಟಕಿಯ ಪಕ್ಕದ ಸೀಟು, ಅಣ್ಣನ ಸೈಕಲ್.

2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕಾರವಾರ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ರಕ್ಷಿಸಲಾಯಿತು. ಮರುವಾರ ತರಗತಿಯಲ್ಲಿ ಬೇರೆ ಮಾತೇ ಇರಲಿಲ್ಲ. ಆದರೆ ಬರೆಯಲು ಹೇಳಿದಾಗ ಎಲ್ಲರ ಪುಸ್ತಕದಲ್ಲೂ ಟಿವಿಯ ವಾಕ್ಯಗಳು ಬಂದವು: ‘ಸೇತುವೆ ಕುಸಿದು ಸಂಚಾರ ಅಸ್ತವ್ಯಸ್ತಗೊಂಡಿತು.’ ನಾನು ಪುಸ್ತಕಗಳನ್ನು ಮುಚ್ಚಿಸಿ ಹಲಗೆಯನ್ನು ಎರಡು ಭಾಗ ಮಾಡಿದೆ. ಒಂದು ಕಡೆ ‘ಅಂತೆ’, ಇನ್ನೊಂದು ಕಡೆ ‘ನಾನು ಕಂಡೆ’. ಲಾರಿ ಬಿತ್ತಂತೆ, ಮೀನುಗಾರರು ದೋಣಿ ತೆಗೆದುಕೊಂಡು ಹೋದರಂತೆ, ದೊಡ್ಡ ಸದ್ದಾಯಿತಂತೆ: ಎಡಭಾಗ ತುಂಬಿತು. ಬಲಭಾಗಕ್ಕೆ ಬಹಳ ಹೊತ್ತು ಯಾರೂ ಕೈ ಎತ್ತಲಿಲ್ಲ. ಆಮೇಲೆ ಒಬ್ಬಳು ಹೇಳಿದ್ದನ್ನು ತಿದ್ದಿ ಅವಳೇ ಬರೆದದ್ದು ಇದು:

‘ಸೇತುವೆ ಬಿದ್ದಿದೆ ಎಂದರೆ ಅಜ್ಜಿ ನಂಬಲಿಲ್ಲ. ಹಾಲಿನ ಪಾತ್ರೆ ಹಿಡಿದುಕೊಂಡೇ ನದಿಯ ಕಡೆ ನಡೆದಳು. ನಾನೂ ಹಿಂದೆ ಹೋದೆ. ಜನ ತುಂಬಿದ್ದರು. ಅಜ್ಜಿ ಬೆರಳು ಮಾಡಿ ಕಂಬಗಳನ್ನು ಎಣಿಸಿದಳು. ಮತ್ತೆ ಮೊದಲಿನಿಂದ ಎಣಿಸಿದಳು. ಹಾಲು ಚೆಲ್ಲುತ್ತಿತ್ತು. ನಾನು ಹೇಳಲಿಲ್ಲ.’

ಕುಸಿತದ ಸುದ್ದಿಯನ್ನು ಎಲ್ಲರೂ ಕೊಟ್ಟರು. ಈ ಅಜ್ಜಿಯನ್ನು ಕೊಡಬಲ್ಲವಳು ಅವಳೊಬ್ಬಳೇ ಆಗಿದ್ದಳು. ‘ಅಂತೆ’ಯನ್ನು ನಾವು ಮಾತಿನಲ್ಲಿ ದಿನವೂ ಬಳಸುತ್ತೇವೆ. ಕೇಳಿದ್ದನ್ನೂ ಕಂಡದ್ದನ್ನೂ ಇಷ್ಟು ಸುಲಭವಾಗಿ ಬೇರ್ಪಡಿಸುವ ಸಾಧನ ಮಕ್ಕಳ ಬಾಯಲ್ಲೇ ಇದೆ. ಯಾವ ಕಥೆಗಾದರೂ ಮೊದಲು ಈ ಎರಡು ಪಟ್ಟಿ ಮಾಡಿಸಿ. ‘ಅಂತೆ’ ಕಡೆಯದನ್ನು ಬಿಡಬೇಕಾಗಿಲ್ಲ, ಡಾಲ್ಫಿನ್ ಕಥೆ ಪೂರ್ತಿ ‘ಅಂತೆ’ಯೇ. ಆದರೆ ಆ ಹುಡುಗ ಕಂಡದ್ದೊಂದಿತ್ತು. ವಾರ ಕಳೆದ ಮೇಲೆ ಕೇಳಿದಾಗ ಹೇಳಿದ: ಅಪ್ಪ ಮನೆಗೆ ಬಂದು ಹರಿದ ಬಲೆಯನ್ನು ಅಂಗಳದಲ್ಲಿ ಹರವಿ, ತೂತಿನ ನಡುವೆ ಹೋಗಿ ನಿಂತುಕೊಂಡನಂತಲ್ಲ, ನಿಂತುಕೊಂಡ. ಅವನ ಕಥೆ ಈಗ ಅಲ್ಲಿಂದಲೇ ಶುರುವಾಗುತ್ತದೆ.

ಕೆಂಪು ಶಾಯಿ

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ಎರಡು ಪುಟ ಬರೆದು ತಂದಿದ್ದಳು, ಮನೆಯ ದನ ಕಾಡಿನಿಂದ ಮರಳದ ರಾತ್ರಿಯ ಬಗ್ಗೆ. ನಾನು ಒಂದು ತಪ್ಪನ್ನೂ ಬಿಡದೆ ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟೆ. ಶ್ರದ್ಧೆಯಿಂದಲೇ ಮಾಡಿದ್ದೆ. ಆ ವರ್ಷ ಮುಗಿಯುವವರೆಗೂ ಅವಳು ಐದು ಸಾಲಿಗಿಂತ ಹೆಚ್ಚು ಬರೆಯಲಿಲ್ಲ, ಆ ಐದರಲ್ಲಿ ತಪ್ಪೂ ಇರಲಿಲ್ಲ. ದನ ಮರಳಿತೋ ಇಲ್ಲವೋ ಎಂದು ನಾನು ಕೇಳಲೇ ಇಲ್ಲ. ಇಂದಿಗೂ ಅದು ನನ್ನನ್ನು ಕೊರೆಯುತ್ತದೆ.

ಈಗ ಒಂದು ಬರಹಕ್ಕೆ ಒಂದೇ ತಿದ್ದುಪಡಿ. ಈ ವಾರ ಪೂರ್ಣವಿರಾಮವಾದರೆ ಪೂರ್ಣವಿರಾಮವಷ್ಟೆ. ಹಕಾರ ಬಿಡುವುದು, ಲ–ಳ, ಶ–ಷ–ಸ, ಮಹಾಪ್ರಾಣ, ಒತ್ತಕ್ಷರ ಇವುಗಳಿಗೆ ಬೇರೆ ದಿನ, ಬೇರೆ ಪಾಠ. ಕಾಗುಣಿತ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಅದರದೇ ಸಮಯ ಕೊಡಬೇಕು. ಪುಸ್ತಕ ಕೈಗೆ ಬಂದಾಗ ನಾನು ಮೊದಲು ಬರೆಯುವುದು ಒಂದು ಪ್ರಶ್ನೆ, ಪೆನ್ಸಿಲ್‌ನಲ್ಲಿ, ಅಂಚಿನಲ್ಲಿ: ‘ಆಗ ಅಮ್ಮ ಏನು ಮಾಡುತ್ತಿದ್ದರು?’ ಉತ್ತರವನ್ನು ಮಗು ಕಥೆಯೊಳಗೇ ಸೇರಿಸಿ ಮತ್ತೆ ತರಬೇಕು. ಎರಡನೆಯ ಸಲ ಬರೆಯುವುದು ಶಿಕ್ಷೆಯೆಂದು ತೋರದಿರಲಿ ಎಂದು ಪುಸ್ತಕದ ಬಲಪುಟದಲ್ಲಿ ಮಾತ್ರ ಬರೆಸುತ್ತೇನೆ, ಎಡಪುಟ ಸೇರ್ಪಡೆಗೆ ಖಾಲಿ. ಮಳೆಗಾಲದಲ್ಲಿ ನಮ್ಮಲ್ಲಿ ಕಾಗದ ತೇವ ಹಿಡಿದು ಶಾಯಿ ಹರಡುತ್ತದೆ, ಆದ್ದರಿಂದ ಸೆಪ್ಟೆಂಬರ್ ಮುಗಿಯುವವರೆಗೆ ಎಲ್ಲರಿಗೂ ಪೆನ್ಸಿಲ್.

ಬರೆದದ್ದನ್ನು ಓದುವವರು ಬೇಕು. ಗೋಡೆಪತ್ರಿಕೆಯನ್ನು ಮುಖ್ಯಶಿಕ್ಷಕರ ಕೋಣೆಯ ಪಕ್ಕದಿಂದ ತೆಗೆದು ಅಡುಗೆಕೋಣೆಯ ಗೋಡೆಗೆ ಹಾಕಿದೆವು, ಮಕ್ಕಳ ಕಣ್ಣಿನ ಎತ್ತರಕ್ಕೆ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವರು ಓದುತ್ತಾರೆ. ಬಿಸಿಯೂಟದ ಅಕ್ಕನೂ ಓದುತ್ತಾರೆ. ಕಳೆದ ತಿಂಗಳು ಅವರು ಸಾರಿನ ಸೌಟು ಹಿಡಿದುಕೊಂಡೇ ಒಬ್ಬಳನ್ನು ನಿಲ್ಲಿಸಿ ಕೇಳಿದರು: ‘ಅಮ್ಮ ಸಾರಿಗೆ ಹುಳಿ ಹಾಕಿದಳು ಎಂದು ಬರೆದಿದ್ದೀಯಲ್ಲ, ಹುಣಸೆಯೋ ಮುರುಗಲೋ?’ ಹುಡುಗಿ ತಟ್ಟೆಯನ್ನು ಗೆಳತಿಯ ಕೈಗೆ ಕೊಟ್ಟು ಪೆನ್ಸಿಲ್ ತರಲು ತರಗತಿಗೆ ಓಡಿದಳು.